ಇಂದಿನ ಧಮ್ಮ ಚಿಂತನೆ: ಕಮ್ಮ ಎಂದರೆ ಹಣೆಬರಹವಲ್ಲ





ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, ಬೆಳೆ ಕೈಕೊಟ್ಟರೆ ನನ್ನ ಅಜ್ಜಿ "ನಾವು ಪಡ್ಕೊಂಡು ಬಂದಿದ್ದೇ ಇಷ್ಟು, ನಮ್ಮ ಕರ್ಮ" ಎನ್ನುತ್ತಿದ್ದರು. ಕೇರಿಯವರನ್ನು ಕೆರೆ ನೀರಿಗೆ ಬಿಡದಿದ್ದಾಗಲೂ ಅದೇ ಮಾತು. ಬಿಡದವರ ಹೆಸರು ಆ ಮಾತಿನಲ್ಲಿ ಬರುತ್ತಲೇ ಇರಲಿಲ್ಲ. ದೀಕ್ಷೆ ಪಡೆದ ನಮ್ಮ ಮನೆಗಳಲ್ಲೂ ಈ ಮಾತು ಇನ್ನೂ ನಾಲಿಗೆ ಬಿಟ್ಟು ಹೋಗಿಲ್ಲ. ಆದ್ದರಿಂದ ಇಂದು ಈ ಪದದ ಮೂಲ ನೋಡೋಣ.

ಸಂಸ್ಕೃತದ "ಕೃ" ಧಾತುವಿಗೆ ಮಾಡು ಎಂದರ್ಥ. ಕರ್ಮ ಎಂದರೆ ಮಾಡಿದ್ದು. ಪಾಲಿಯಲ್ಲಿ ಅದೇ ಕಮ್ಮ. ವೇದಗಳ ಕಾಲದಲ್ಲಿ ಈ ಪದ ಹೆಚ್ಚಾಗಿ ಯಜ್ಞದ ವಿಧಿಗೆ ಬಳಕೆಯಾಗುತ್ತಿತ್ತು. ಉಪನಿಷತ್ತುಗಳಲ್ಲಿ ಅದಕ್ಕೆ ಮರುಜನ್ಮದ ನಂಟು ಬೆಳೆಯಿತು. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರಾಗಿ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ ಹುಟ್ಟುತ್ತಾರೆ ಎಂದು ಛಾಂದೋಗ್ಯ ಉಪನಿಷತ್ತಿನ 5ನೇ ಅಧ್ಯಾಯ ಹೇಳುತ್ತದೆ. ನಮ್ಮನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದಾರೆ ನೋಡಿ! ಹುಟ್ಟೇ ಶಿಕ್ಷೆ ಎಂದಾದರೆ ತುಳಿದವನಿಗೆ ಪಾಪವಿಲ್ಲ, ತುಳಿಸಿಕೊಂಡವನಿಗೆ ನ್ಯಾಯವಿಲ್ಲ.

ಭಗವಾನ್ ಬುದ್ಧರು ಪದವನ್ನು ಉಳಿಸಿಕೊಂಡು ಅರ್ಥವನ್ನು ಬದಲಿಸಿದರು. ಚೇತನಾ, ಅಂದರೆ ಮನಸ್ಸಿನ ಸಂಕಲ್ಪವನ್ನೇ ತಾವು ಕಮ್ಮ ಎನ್ನುವುದಾಗಿ ಅಂಗುತ್ತರ ನಿಕಾಯದಲ್ಲಿ ತಿಳಿಸಿದ್ದಾರೆ. ಯಾವ ಉದ್ದೇಶದಿಂದ ಮಾಡುತ್ತೇವೆ, ಆಡುತ್ತೇವೆ, ಯೋಚಿಸುತ್ತೇವೆ ಎಂಬುದೇ ಮುಖ್ಯ. ಯಾವ ಹೊಟ್ಟೆಯಲ್ಲಿ ಹುಟ್ಟಿದೆವು ಎಂಬುದಲ್ಲ.

ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಕೇಳುತ್ತಾನೆ: ನಾವು ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧರು ಅದನ್ನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಕಮ್ಮದ ಫಲ ಎಂದು 8 ಕಾರಣಗಳನ್ನು ಎಣಿಸಿದರು. ಕಮ್ಮ ಆ 8ರಲ್ಲಿ ಒಂದು ಮಾತ್ರ.

ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಇದೇ ಎಳೆಯನ್ನು ಹಿಡಿದಿದ್ದಾರೆ. ಕಮ್ಮ ಎಂದರೆ ಲೋಕದ ನೈತಿಕ ವ್ಯವಸ್ಥೆಯನ್ನು ಕಾಯುವ ನಿಯಮ. ಬಡವರ, ದಲಿತರ ಸ್ಥಿತಿಗೆ ಹಿಂದಿನ ಜನ್ಮವನ್ನು ಹೊಣೆ ಮಾಡಿದರೆ ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆತ್ಮವನ್ನೇ ಒಪ್ಪದ ನಮ್ಮ ಧಮ್ಮದಲ್ಲಿ ಹಳೆಯ ಪಾಪದ ಮೂಟೆ ಹೊತ್ತು ತರುವವರಾದರೂ ಯಾರು?

*ಇಂದಿನ ಅಭ್ಯಾಸ:* "ನನ್ನ ಕರ್ಮ" ಎಂಬ ಮಾತು ಬಾಯಿಗೆ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದರ ನಿಜವಾದ ಕಾರಣವೇನು? ಈಗ ನಾನೇನು ಮಾಡಬಲ್ಲೆ? ಕಾಯಿಲೆಯಾದರೆ ವೈದ್ಯರ ಬಳಿ ಹೋಗೋಣ. ಅನ್ಯಾಯವಾದರೆ ಸಂವಿಧಾನ ಹಿಡಿದು ಕೇಳೋಣ. ತಪ್ಪು ನಮ್ಮದೇ ಆದರೆ ಪಂಚಶೀಲದ ಮುಂದೆ ನಿಂತು ತಿದ್ದಿಕೊಳ್ಳೋಣ. ಆ ತಿದ್ದಿಕೊಳ್ಳುವ ಸಂಕಲ್ಪವೇ ಕಮ್ಮ.

ಭವತು ಸಬ್ಬ ಮಂಗಲಂ 🙏