ಬ್ಯಾಡ್ಮಿಂಟನ್‌ ಅಭಿಮಾನಿಗೆ ಮಂಗಳವಾರವೇ ಮುಖ್ಯ

ದೊಡ್ಡ ಬ್ಯಾಡ್ಮಿಂಟನ್‌ ಟೂರ್ನಿಯ ಸಿಂಗಲ್ಸ್‌ನಲ್ಲಿ 32 ಮಂದಿ ಕಣಕ್ಕಿಳಿಯುತ್ತಾರೆ. ಮಂಗಳವಾರ, ಬುಧವಾರ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅರ್ಧ ಜನ ಊರಿಗೆ ಹೊರಟಿರುತ್ತಾರೆ. ಭಾನುವಾರದ ಫೈನಲ್‌ಗಷ್ಟೇ ಟಿ.ವಿ ಹಾಕುವವರಿಗೆ ಆ ಹದಿನಾರು ಪಂದ್ಯಗಳು ಕಾಣುವುದೇ ಇಲ್ಲ. ಈ ಆಟವನ್ನು ಮನಸಾರೆ ಅನುಸರಿಸಬೇಕೆಂದರೆ ಮಂಗಳವಾರದಿಂದಲೇ ಕೂರಬೇಕು. ಅದಕ್ಕೆ ಸ್ವಲ್ಪ ಸಿದ್ಧತೆ ಬೇಕು.

ಮೊದಲು ಕ್ಯಾಲೆಂಡರ್‌

ವರ್ಲ್ಡ್‌ ಟೂರ್‌ನ ಟೂರ್ನಿಗಳಿಗೆ ಸೂಪರ್‌ 1000, 750, 500, 300 ಎಂಬ ದರ್ಜೆಗಳಿವೆ. ಸೂಪರ್‌ 1000 ನಾಲ್ಕೇ: ಜನವರಿಯಲ್ಲಿ ಮಲೇಷ್ಯಾ ಓಪನ್‌, ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್‌ ಇಂಗ್ಲೆಂಡ್‌, ಜೂನ್‌ನಲ್ಲಿ ಇಂಡೊನೇಷ್ಯಾ ಓಪನ್‌, ಆಮೇಲೆ ಚೀನಾ ಓಪನ್‌. ಇವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಒಲಿಂಪಿಕ್ಸ್‌ ಇಲ್ಲದ ವರ್ಷಗಳಲ್ಲಿ ವಿಶ್ವ ಚಾಂಪಿಯನ್‌ಷಿಪ್‌ ಇರುತ್ತದೆ. ಹಾಗೆಂದು ಕೆಳಗಿನ ದರ್ಜೆಯನ್ನು ಬಿಡಬೇಡಿ. ಕಾರ್ಕಳ ಕಡೆಯ ಆಯುಷ್‌ ಶೆಟ್ಟಿ 2025ರಲ್ಲಿ ತಮ್ಮ ಮೊದಲ ವರ್ಲ್ಡ್‌ ಟೂರ್‌ ಪ್ರಶಸ್ತಿ ಗೆದ್ದದ್ದು ಅಮೆರಿಕದ ಸೂಪರ್‌ 300 ಟೂರ್ನಿಯಲ್ಲಿ. ಮುಂದೆ ಹೆಸರು ಮಾಡುವವರು ಮೊದಲು ಕಣ್ಣಿಗೆ ಬೀಳುವುದು ಅಲ್ಲೇ.

ರ‍್ಯಾಂಕಿಂಗ್‌ ಲೆಕ್ಕ ಸರಳ. ಹಿಂದಿನ 52 ವಾರಗಳ ಅತ್ಯುತ್ತಮ ಹತ್ತು ಫಲಿತಾಂಶಗಳ ಅಂಕ ಕೂಡಿಸುತ್ತಾರೆ. ಸೂಪರ್‌ 1000 ಗೆದ್ದರೆ 12,000, ಸೂಪರ್‌ 300 ಗೆದ್ದರೆ 7,000. ಕಳೆದ ವರ್ಷ ಇದೇ ವಾರ ಗಳಿಸಿದ ಅಂಕ ಈಗ ಕಳಚಿಬೀಳುತ್ತದೆ. ನಿಮ್ಮ ಆಟಗಾರ ಈ ಸಲ ಎಂಟರ ಘಟ್ಟ ತಲುಪಿಯೂ ಪಟ್ಟಿಯಲ್ಲಿ ಇಳಿದರೆ ಕಾರಣ ಸಾಮಾನ್ಯವಾಗಿ ಇದೇ.

ಡ್ರಾ ಕೈಗೆ ಬಂದಾಗ

ಟೂರ್ನಿ ಶುರುವಾಗುವ ಮೊದಲೇ ಡ್ರಾ ಪ್ರಕಟವಾಗುತ್ತದೆ. ಅದನ್ನು ಮುದ್ರಿಸಿಟ್ಟುಕೊಂಡು ಪೆನ್ನು ಹಿಡಿದು ಓದಿ. ಸಿಂಗಲ್ಸ್‌ನಲ್ಲಿ ಎಂಟು ಮಂದಿಗೆ ಶ್ರೇಯಾಂಕ. ಅವರು ಎಂಟರ ಘಟ್ಟಕ್ಕೆ ಮೊದಲು ಪರಸ್ಪರ ಎದುರಾಗದಂತೆ ಹಂಚಿರುತ್ತಾರೆ. ಶ್ರೇಯಾಂಕವಿಲ್ಲದವರಿಗೆ ಆ ರಕ್ಷಣೆಯಿಲ್ಲ. 2022ರ ಆಲ್‌ ಇಂಗ್ಲೆಂಡ್‌ನಲ್ಲಿ ಬೆಂಗಳೂರಿನ ಪ್ರಕಾಶ್‌ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್‌ಗೆ ಎರಡನೇ ಸುತ್ತಿನಲ್ಲೇ ಡೆನ್ಮಾರ್ಕ್‌ನ ಆಂಡರ್ಸ್‌ ಆ್ಯಂಟನ್‌ಸನ್‌ ಎದುರಾದರು. ಅವರನ್ನು ಮಣಿಸಿ, ನಾಲ್ಕರ ಘಟ್ಟದಲ್ಲಿ ಹಾಲಿ ಚಾಂಪಿಯನ್‌ ಲೀ ಝೀ ಜಿಯಾ ಅವರನ್ನೂ ಸೋಲಿಸಿ ಲಕ್ಷ್ಯ ಫೈನಲ್‌ ತಲುಪಿದರು. ಅಲ್ಲಿ ವಿಕ್ಟರ್‌ ಅಕ್ಸೆಲ್‌ಸನ್‌ಗೆ ಸೋತರು. ಫೈನಲ್‌ ಮಾತ್ರ ನೋಡಿದವರ ಪಾಲಿಗೆ ಅದು ನೇರ ಗೇಮ್‌ಗಳ ಸೋಲು, ಅಷ್ಟೇ.

ಯಾರಾದರೂ ಹಿಂದೆ ಸರಿದರೆ ಒಳಬರುವ ಮೀಸಲು ಆಟಗಾರರ ಪಟ್ಟಿಯ ಮೇಲೂ ಕಣ್ಣಿರಲಿ. ಅದೇ ಟೂರ್ನಿಯಲ್ಲಿ ಟ್ರೀಸಾ ಜಾಲಿ–ಗಾಯತ್ರಿ ಗೋಪಿಚಂದ್‌ ಜೋಡಿ ಆ ಪಟ್ಟಿಯಿಂದ ಒಳಬಂದು ಸೆಮಿಫೈನಲ್‌ ಆಡಿತು.

ಎಷ್ಟು ಗಂಟೆಗೆ?

ದಿನದ ಪಂದ್ಯಪಟ್ಟಿ ಹಿಂದಿನ ದಿನ ಸಿಗುತ್ತದೆ. ಸಾಮಾನ್ಯವಾಗಿ ಪ್ರತಿ ಕೋರ್ಟಿನ ಮೊದಲ ಪಂದ್ಯದ ವೇಳೆಯಷ್ಟೇ ಖಚಿತ; ಉಳಿದವು ಒಂದರ ಹಿಂದೊಂದು. ಪಂದ್ಯಕ್ಕೆ ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳಿ, ಲೈವ್‌ ಸ್ಕೋರ್‌ ನೋಡುತ್ತಾ ತಿದ್ದಿಕೊಳ್ಳಿ. ಜಕಾರ್ತ ನಮಗಿಂತ ಒಂದೂವರೆ ಗಂಟೆ ಮುಂದೆ, ಕ್ವಾಲಾಲಂಪುರ ಮತ್ತು ಚೀನಾ ಎರಡೂವರೆ ಗಂಟೆ ಮುಂದೆ. ಮಾರ್ಚ್‌ನ ಬರ್ಮಿಂಗ್‌ಹ್ಯಾಮ್‌ ಐದೂವರೆ ಗಂಟೆ ಹಿಂದೆ. ಅಲ್ಲಿನ ಸಂಜೆ ಆರು ನಮ್ಮ ರಾತ್ರಿ ಹನ್ನೊಂದೂವರೆ. ಪ್ರಸಾರದ ವಾಹಿನಿ ಬದಲಾಗುತ್ತಿರುತ್ತದೆ, ಪ್ರತಿ ಸಲವೂ ಮೊದಲೇ ವಿಚಾರಿಸಿಕೊಳ್ಳಿ.

ಆಟ ಶುರುವಾದ ಮೇಲೆ

ಸ್ಮ್ಯಾಷ್‌ ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಗಾಳಿ. ಹದಿನಾರು ಗರಿಗಳ ಶಟಲ್‌ ಐದು ಗ್ರಾಂ ಆಸುಪಾಸು ತೂಗುತ್ತದೆ. ದೊಡ್ಡ ಒಳಾಂಗಣದ ಎ.ಸಿ ಗಾಳಿಯೇ ಅದನ್ನು ಗೆರೆಯಾಚೆ ಒಯ್ಯಬಲ್ಲದು. ಆಟಗಾರರು ಇದನ್ನೇ ಡ್ರಿಫ್ಟ್‌ ಎನ್ನುತ್ತಾರೆ. ಗಾಳಿ ಬೆನ್ನಿಗಿದ್ದರೆ ಎತ್ತಿ ಹೊಡೆದ ಶಟಲ್‌ ಹಿಂದಿನ ಗೆರೆ ದಾಟುತ್ತದೆ, ಆಟಗಾರ ಅಳೆದು ಆಡಬೇಕಾಗುತ್ತದೆ. ಎದುರುಗಾಳಿಯಿದ್ದರೆ ಧೈರ್ಯವಾಗಿ ಬೀಸಬಹುದು, ಆದರೆ ಶಟಲ್‌ ಅಂಗಳದ ನಡುವೆಯೇ ಬಿದ್ದೀತು. ಮೊದಲ ಗೇಮ್‌ನಲ್ಲಿ ಯಾರ ಶಟಲ್‌ ಪದೇ ಪದೇ ಉದ್ದ ಹೋಗುತ್ತಿದೆ ಎಂದು ಗಮನಿಸಿದರೆ ಯಾವ ಬದಿ ಕಷ್ಟದ್ದು ಎಂಬುದು ಗೊತ್ತಾಗುತ್ತದೆ. ಗೇಮ್‌ ಮುಗಿದಾಗ ಬದಿ ಬದಲಾಗುತ್ತದೆ. ಮೂರನೇ ಗೇಮ್‌ನಲ್ಲಿ ಒಬ್ಬರು 11 ಅಂಕ ಮುಟ್ಟಿದ ಕೂಡಲೇ ಮತ್ತೆ ಬದಲಾಗುತ್ತದೆ. ಹಾಗಾಗಿ ಅನುಕೂಲದ ಬದಿಯಲ್ಲಿ ಗಳಿಸಿದ 11–6ರ ಮುನ್ನಡೆ ನಂಬುವಂಥದ್ದಲ್ಲ. ಆ ಹೊತ್ತಿನ ಒಂದು ನಿಮಿಷದ ವಿರಾಮದಲ್ಲಿ ಕೋಚ್‌ ಹೇಳಿದ್ದು ಮುಂದಿನ ನಾಲ್ಕೈದು ರ‍್ಯಾಲಿಗಳಲ್ಲಿ ಕಾಣುತ್ತದೆಯೇ ನೋಡಿ. ಪಂದ್ಯದ ಕಥೆ ಹೆಚ್ಚಾಗಿ ತಿರುಗುವುದು ಅಲ್ಲಿಯೇ.

ಕ್ರೀಡಾಂಗಣಕ್ಕೇ ಹೋಗುವ ಆಸೆಯಿದ್ದರೆ ಜನವರಿಯಲ್ಲಿ ದೆಹಲಿಯ ಇಂಡಿಯಾ ಓಪನ್‌ ಇದೆ, ಸೂಪರ್‌ 750 ದರ್ಜೆಯದ್ದು. ಮೊದಲ ಸುತ್ತುಗಳ ಟಿಕೆಟ್‌ ಕೊಳ್ಳಿ, ಹಲವು ಕೋರ್ಟ್‌ಗಳಲ್ಲಿ ಒಟ್ಟಿಗೆ ಆಟ ನಡೆಯುತ್ತಿರುತ್ತದೆ. ಸಾಧ್ಯವಾದರೆ ನೆಟ್‌ ಪಕ್ಕದ ಆಸನಕ್ಕಿಂತ ಅಂಗಳದ ಹಿಂಬದಿಯದ್ದನ್ನು ಆರಿಸಿಕೊಳ್ಳಿ. ಶಟಲ್‌ ಎಷ್ಟು ವಾಲುತ್ತದೆ, ಎದುರಾಳಿಯನ್ನು ಯಾವ ಮೂಲೆಗೆ ಎಳೆಯುತ್ತಿದ್ದಾರೆ ಎಂಬುದು ಅಲ್ಲಿಂದ ಚೆನ್ನಾಗಿ ತಿಳಿಯುತ್ತದೆ.