ಉರಿ ಹೆಚ್ಚಿದರೆ ಅಡಿಗೆ ಬೇಗ ಬೇಯುವುದೇ?

ಕುದಿಯುತ್ತಿರುವ ನೀರಿಗೆ ಇನ್ನಷ್ಟು ಶಾಖವನ್ನು ಕೊಟ್ಟರೂ ಅದರ ಉಷ್ಣತೆ ಏರುವುದಿಲ್ಲವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ನಾವಂತೂ ಅದನ್ನು ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಬೋಧಿಸುತ್ತ ಬಂದಿದ್ದೇವೆ. ಆದರೆ ಆ ಪಾಠ ನಮಗೆ ನಿಜವಾಗಿ ಮನದಟ್ಟಾದುದು ತರಗತಿಯಲ್ಲಲ್ಲ, ಒಂದು ಅಡಿಗೆಯ ಶಾಲೆಯಲ್ಲಿ. ಅದೂ ತಪ್ಪು ಉತ್ತರವನ್ನು ಹೇಳಿ ತಲೆ ತಗ್ಗಿಸಿದ ಮೇಲೆ.

ಅಮೆರಿಕದಲ್ಲಿ ಬಂಧುಗಳ ಮನೆಯಲ್ಲಿ ತಂಗಿದ್ದಾಗ, ಒಂದು ಬೆಳಗ್ಗೆ ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ದಂಡೆಯನ್ನೇ ಹಿಡಿದು ಉತ್ತರಕ್ಕೆ ಸಾಗುವ ರೈಲನ್ನು ಏರಿದೆವು. ಸುಮಾರು ಎರಡು ಗಂಟೆಗಳ ಪಯಣದ ನಂತರ ಪೊಕಿಪ್ಸಿ ಎಂಬ ನಿಲ್ದಾಣದಲ್ಲಿಳಿದು, ಅಲ್ಲಿಂದ ಕಾರಿನಲ್ಲಿ ಹೈಡ್ ಪಾರ್ಕ್ ಎಂಬ ಊರನ್ನು ಸೇರಿದೆವು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಹುಟ್ಟಿದ ಊರದು. ಪ್ರಸಿದ್ಧವಾದ 'ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ' ಇರುವುದು ಅಲ್ಲಿಯೇ. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ಒಂದು ಕಸಬನ್ನು ಕಲಿಸುವುದಕ್ಕಾಗಿ 1946ರಲ್ಲಿ ನ್ಯೂ ಹೇವನ್ ನಗರದಲ್ಲಿ ಆರಂಭವಾದ ಈ ಶಾಲೆ, 1972ರಲ್ಲಿ ಹಡ್ಸನ್ ದಂಡೆಯ ಈ ಸ್ಥಳಕ್ಕೆ ಬಂದಿತು. ಅದಕ್ಕೆ ಮೊದಲು ಆ ಕಟ್ಟಡ ಜೆಸ್ಯುಯಿಟ್ ಪಾದ್ರಿಗಳ ವಿದ್ಯಾಲಯವಾಗಿತ್ತು.

ಬಿಳಿಯ ಅಂಗಿ ತೊಟ್ಟ ವಿದ್ಯಾರ್ಥಿಗಳು ಸಾಲುಸಾಲಾಗಿ ನಿಂತು ಕೆಲಸ ಮಾಡುವ ಅಡಿಗೆಮನೆಗಳು ನಮಗೆ ಪ್ರಯೋಗಾಲಯಗಳಂತೆಯೇ ಕಂಡವು. ಒಂದು ಕಡೆ ಎರಡು ಪಾತ್ರೆಗಳಲ್ಲಿ ಆಲೂಗಡ್ಡೆ ಬೇಯುತ್ತಿತ್ತು. ಒಂದರ ಕೆಳಗೆ ದೊಡ್ಡ ಉರಿ. ನೀರು ಕೊತಕೊತನೆ ಕುದಿದು ಉಕ್ಕುತ್ತಿತ್ತು. ಇನ್ನೊಂದರ ಕೆಳಗೆ ಸಣ್ಣ ಉರಿ. ನೀರು ಮೆಲ್ಲನೆ ಕುದಿಯುತ್ತಿತ್ತು. ನಾವು ಭೌತವಿಜ್ಞಾನದ ಅಧ್ಯಾಪಕರೆಂದು ತಿಳಿದ ಅಲ್ಲಿನ ಉಪಾಧ್ಯಾಯರು ನಗುತ್ತ, "ಇವೆರಡರಲ್ಲಿ ಯಾವುದು ಮೊದಲು ಬೇಯುತ್ತದೆ, ಹೇಳಿ" ಎಂದರು. "ದೊಡ್ಡ ಉರಿಯದು" ಎಂದು ನಾವು ಥಟ್ಟನೆ ಹೇಳಿಬಿಟ್ಟೆವು. ಅವರು ಮಾತನಾಡದೆ ಉಷ್ಣಮಾಪಕವನ್ನು ನಮ್ಮ ಕೈಗೆ ಕೊಟ್ಟರು. ಎರಡು ಪಾತ್ರೆಗಳಲ್ಲಿಯೂ ಅದು ತೋರಿಸಿದುದು ಸುಮಾರು 100 ಡಿಗ್ರಿ ಸೆಂಟಿಗ್ರೇಡ್. ಆಲೂಗಡ್ಡೆಗಳೂ ಹೆಚ್ಚುಕಡಮೆ ಒಂದೇ ಹೊತ್ತಿಗೆ ಬೆಂದವು.

ಇದರ ಕಾರಣವನ್ನು ವಿಚಾರಿಸೋಣ. ಆಲೂಗಡ್ಡೆಗೆ ಉರಿಯ ಗಾತ್ರ ತಿಳಿಯದು. ತನ್ನನ್ನು ಸುತ್ತುವರಿದ ನೀರಿನ ಉಷ್ಣತೆ ಮಾತ್ರ ತಿಳಿಯುತ್ತದೆ. ನೀರು ಒಮ್ಮೆ ಕುದಿಯತೊಡಗಿದ ಮೇಲೆ ನಾವು ಕೊಡುವ ಹೆಚ್ಚಿನ ಶಾಖವೆಲ್ಲವೂ ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ. ಇದೇ ಗುಪ್ತೋಷ್ಣ. ಒಂದು ಗ್ರಾಂ ನೀರಿನ ಉಷ್ಣತೆಯನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 75 ಕ್ಯಾಲೊರಿ ಸಾಕು. ಅದೇ ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಎಂದರೆ, ವೃಥಾ ಕುದಿಸಿ ಒಂದು ಲೀಟರ್ ನೀರನ್ನು ಆವಿಯಾಗಿ ಕಳೆದರೆ, ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದಾದ ಶಾಖವನ್ನು ಗಾಳಿಗೆ ಚೆಲ್ಲಿದಂತಾಯಿತು!

ಮಧ್ಯಾಹ್ನದ ಊಟ ಶಾಲೆಯ ಆವರಣದಲ್ಲಿಯೇ. ವಿದ್ಯಾರ್ಥಿಗಳೇ ಅಡಿಗೆ ಮಾಡಿ, ವಿದ್ಯಾರ್ಥಿಗಳೇ ಬಡಿಸುವ ಭೋಜನಶಾಲೆ ಅದು. ಪ್ಯಾರಿಸಿನಲ್ಲಿ ಮನೆಯ ಅಡಿಗೆಯಂತಹ ಸರಳ ಊಟ ದೊರೆಯುವ ಸಣ್ಣ ಹೋಟೆಲುಗಳಿಗೆ ಬಿಸ್ಟ್ರೋ ಎಂದು ಹೆಸರು. ನಮ್ಮ ಊಟವೂ ಆ ಬಗೆಯದು. ಮೊದಲು ಬಂದುದು ಈರುಳ್ಳಿಯ ಸೂಪು. ಮಾಂಸ ತಿನ್ನದ ನಮಗಾಗಿ ಅದನ್ನು ತರಕಾರಿಯ ಕಟ್ಟಿನಲ್ಲಿ ಮಾಡಿದ್ದರು. ಅದರ ಕಂದು ಬಣ್ಣವೂ ಪರಿಮಳವೂ ಬಹುಮಟ್ಟಿಗೆ, ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯ್ಯಾರ್ 1912ರಲ್ಲಿ ವರ್ಣಿಸಿದ ರಾಸಾಯನಿಕ ಕ್ರಿಯೆಯ ಫಲ. ಸಕ್ಕರೆಯ ಅಣುಗಳೂ ಅಮೈನೋ ಆಮ್ಲಗಳೂ ಕೂಡಿ ನಡೆಯುವ ಈ ಕ್ರಿಯೆ ಚುರುಕಾಗುವುದು 100 ಡಿಗ್ರಿಗಿಂತ ಬಹಳ ಮೇಲೆ, ಸುಮಾರು 140 ಡಿಗ್ರಿಯ ಹೊತ್ತಿಗೆ. ಈರುಳ್ಳಿಯಲ್ಲಿ ಬಹುಭಾಗ ನೀರೇ ಇರುವುದರಿಂದ, ಆ ನೀರು ಆರುವವರೆಗೆ ಅದು ಬೇಯುವುದೇ ಹೊರತು ಚೆನ್ನಾಗಿ ಕೆಂಪಾಗುವುದಿಲ್ಲ. ಆದುದರಿಂದಲೇ ಅದನ್ನು ತಾಳ್ಮೆಯಿಂದ ಬಹಳ ಹೊತ್ತು ಹುರಿಯುತ್ತಾರೆ.

ಜೊತೆಗೆ ಬಂದ ಕರಿದ ಆಲೂಗಡ್ಡೆಯ ತುಂಡುಗಳು ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಎಣ್ಣೆಯ ಉಷ್ಣತೆ ಸುಮಾರು 180 ಡಿಗ್ರಿ ಇದ್ದರೂ, ತುಂಡಿನ ಒಳಭಾಗ ನೀರಿರುವವರೆಗೆ 100 ಡಿಗ್ರಿಯನ್ನು ದಾಟದು. ಬಾಣಲೆಯಲ್ಲಿ ಏಳುವ ಗುಳ್ಳೆಗಳು ಕುದಿಯುವ ಎಣ್ಣೆಯವಲ್ಲ, ತುಂಡಿನಿಂದ ಹೊರಡುವ ನೀರಿನ ಆವಿಯವು.

ಕೊನೆಗೆ ಹಾಲಿನ ಕೆನೆ, ಮೊಟ್ಟೆಯ ಹಳದಿ ಮತ್ತು ಸಕ್ಕರೆಗಳಿಂದ ಮಾಡಿದ ಕ್ರೆಮ್ ಬ್ರೂಲೆ ಎಂಬ ಸಿಹಿ. ಈ ಮಿಶ್ರಣ 80 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಗಟ್ಟಿಯಾಗುತ್ತದೆ. ಹೆಚ್ಚು ಕಾದರೆ ಒಡೆದು ಗಂಟುಗಂಟಾಗುತ್ತದೆ. ಆದುದರಿಂದ ಬಟ್ಟಲುಗಳನ್ನು ಬಿಸಿನೀರಿನ ತಟ್ಟೆಯಲ್ಲಿರಿಸಿ ಒಲೆಯೊಳಗೆ ಇಡುತ್ತಾರೆ. ಒಲೆಯ ಗಾಳಿ ಎಷ್ಟೇ ಬಿಸಿಯಿರಲಿ, ತಟ್ಟೆಯ ನೀರು 100 ಡಿಗ್ರಿಯನ್ನು ಮೀರಲಾರದಷ್ಟೆ! ಬೆಳಗ್ಗೆ ನಮ್ಮನ್ನು ನಾಚಿಸಿದ ನಿಯಮವೇ ಇಲ್ಲಿ ಕಾವಲುಗಾರ. ತಣ್ಣಗಾದ ಮೇಲೆ ಮೇಲ್ಭಾಗಕ್ಕೆ ಸಕ್ಕರೆ ಉದುರಿಸಿ, ಗ್ಯಾಸಿನ ಜ್ವಾಲೆಯನ್ನು ಕ್ಷಣಕಾಲ ತಾಗಿಸುತ್ತಾರೆ. ಸಕ್ಕರೆ ಕರಗಿ ಕಂದಾಗುತ್ತದೆ. ಶಾಖವು ಒಳಗಿಳಿಯಲು ಸಮಯ ಸಾಲದೆ ಕೆಳಗಿನ ಪದರ ತಣ್ಣಗೇ ಉಳಿಯುತ್ತದೆ.

ರೈಲಿನಲ್ಲಿ ಹಿಂದಿರುಗುವಾಗ ಕೌಂಟ್ ರಮ್‌ಫರ್ಡನ ನೆನಪಾಯಿತು. ಫಿರಂಗಿಯನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ಕುರಿತು ಅವನು 1798ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಉರುವಲನ್ನು ಉಳಿಸುವ ಒಲೆಗಳನ್ನೂ ಅವನು ರಚಿಸಿದನು. ಜೋರಾಗಿ ಕುದಿಸುವುದರಿಂದ ಅಡಿಗೆ ಬೇಗನಾಗದೆ ಉರುವಲು ಹಾಳಾಗುವುದೆಂದು ಅಂದೇ ಎಚ್ಚರಿಸಿದನು. ಆ ಮಾತು ನಮ್ಮ ಪಾಠಗಳಲ್ಲಿ ಎಂದೂ ಬರಲಿಲ್ಲ.

ನಮ್ಮ ನಾಡಿಗೂ ಇದು ಸಲ್ಲುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಮೆ. ಆದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ, ಬೇಳೆ ನಿಧಾನವಾಗಿ ಬೇಯುತ್ತದೆ. ಅದಕ್ಕೆ ಪರಿಹಾರ ದೊಡ್ಡ ಉರಿಯಲ್ಲ, ಒತ್ತಡವನ್ನು ಹೆಚ್ಚಿಸುವ ಕುಕ್ಕರು. ಅದರೊಳಗೆ ನೀರಿನ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಆದರೆ ಒಮ್ಮೆ ಸೀಟಿ ಬಂದ ಮೇಲೆ ಅಲ್ಲಿಯೂ ಉರಿಯನ್ನು ತಗ್ಗಿಸಬೇಕು. ದೊಡ್ಡ ಉರಿಯಿಂದ ಹೆಚ್ಚುವುದು ಸೀಟಿಯೇ ಹೊರತು ಉಷ್ಣತೆಯಲ್ಲ.

ವಿದ್ಯಾರ್ಥಿ ಮಿತ್ರರು ನಮ್ಮ ಮಾತನ್ನು ನಂಬಿ ಸುಮ್ಮನಿರಬೇಕಾಗಿಲ್ಲ. ಹಿರಿಯರ ಅನುಮತಿ ಪಡೆದು, ಒಂದೇ ಗಾತ್ರದ ಆಲೂಗಡ್ಡೆಗಳನ್ನು ಎರಡು ಪಾತ್ರೆಗಳಲ್ಲಿ ಬೇಯಿಸಿ ನೋಡಿರಿ. ಪರೀಕ್ಷೆಯಲ್ಲಿ ಗುಪ್ತೋಷ್ಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದವನು ಮನೆಗೆ ಬಂದು ಒಲೆಯ ಉರಿಯನ್ನು ತಗ್ಗಿಸದಿದ್ದರೆ, ಅವನು ಪಾಠವನ್ನು ಓದಿದ್ದಾನೆ, ಕಲಿತಿಲ್ಲ. ಆ ದಿನದವರೆಗೆ ನಮ್ಮ ಸ್ಥಿತಿಯೂ ಅದೇ ಆಗಿತ್ತು.