ಲೇಬಲು ಹಚ್ಚುವ ಯಂತ್ರ: ಕೊಳ್ಳುವ ಮೊದಲು ತಿಳಿಯಬೇಕಾದುದು

ಅಂಗಡಿಯಲ್ಲಿ ಯಾವ ಪದಾರ್ಥವನ್ನು ಕೈಗೆತ್ತಿಕೊಂಡರೂ ಮೊದಲು ಕಣ್ಣಿಗೆ ಬೀಳುವುದು ಅದರ ಮೇಲಿನ ಲೇಬಲು. ಒಳಗಿರುವುದು ಎಣ್ಣೆಯೋ ಔಷಧವೋ, ತೂಕವೆಷ್ಟು, ಬೆಲೆಯೇನು, ತಯಾರಾದದ್ದು ಯಾವಾಗ ಎಂಬುದನ್ನೆಲ್ಲ ಆ ತುಂಡು ಕಾಗದವೇ ಹೇಳಬೇಕು. ತಿರುವೊಟ್ಟಿಯೂರಿನ ಕಾರ್ಖಾನೆ, ಗೋಡೌನುಗಳಲ್ಲಿ ದುಡಿಯುವ ನಮ್ಮವರಲ್ಲಿ ಕೆಲವರು ಲೇಬಲನ್ನು ಕೈಯಿಂದ ಹಚ್ಚುವವರು, ಕೆಲವರು ಅದರ ಲೆಕ್ಕ ಬರೆಯುವ ಗುಮಾಸ್ತರು. “ಯಂತ್ರ ತರಿಸೋಣ, ನಾಲ್ಕು ಕಡೆ ಬೆಲೆ ಕೇಳಿ ಪಟ್ಟಿ ಮಾಡಿ” ಎಂದು ಯಜಮಾನರು ಹೇಳಿದರೆ ಆ ಕೆಲಸ ಬರುವುದು ಗುಮಾಸ್ತರ ಮೇಜಿಗೆ. ಬಂದ ಯಂತ್ರ ನೆಟ್ಟಗೆ ನಡೆಯದಿದ್ದರೆ ಮಾತು ಕೇಳಬೇಕಾಗುವುದು ಅದರ ಬಳಿ ನಿಂತವರು. ಆದುದರಿಂದ ಇಬ್ಬರೂ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಈ ಊರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ೧೯೨೩ರಲ್ಲಿ ಸ್ವೀಡನ್ ದೇಶದ ಬಂಡವಾಳದಿಂದ ಹುಟ್ಟಿದ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯು, ಜನರ ಬಾಯಲ್ಲಿ ‘ವಿಮ್ಕೋ’, ಇಲ್ಲಿ ಬೆಂಕಿಪೆಟ್ಟಿಗೆಯ ಕಾರ್ಖಾನೆಯನ್ನು ನಡೆಸಿತು. ೨೦೦೫ರಲ್ಲಿ ಆ ಕಂಪನಿ ಐಟಿಸಿಯ ಕೈಗೆ ಹೋಯಿತು. ಇಲ್ಲಿಯ ರೈಲು ನಿಲ್ದಾಣವೂ ೨೦೨೧ರಲ್ಲಿ ತೆರೆದ ಮೆಟ್ರೋ ನಿಲ್ದಾಣವೂ ವಿಮ್ಕೋ ನಗರ ಎಂಬ ಹೆಸರನ್ನೇ ಹೊತ್ತಿವೆ. ವಿಮ್ಕೋ ಯಂತ್ರಗಳಿಂದ ಬೆಂಕಿಪೆಟ್ಟಿಗೆ ಮಾಡುತ್ತಿದ್ದ ಕಾಲದಲ್ಲಿಯೇ ಶಿವಕಾಶಿ, ಸಾತ್ತೂರು ಕಡೆಗಳಲ್ಲಿ ಅದೇ ಪುಟ್ಟ ಪೆಟ್ಟಿಗೆಗೆ ಕೈಯಿಂದ ಲೇಬಲು ಅಂಟಿಸುತ್ತಿದ್ದರು. ಎರಡೂ ರೀತಿಗಳು ಬಹುಕಾಲ ಜೊತೆಜೊತೆಯಾಗಿ ಬದುಕಿದವು. ಯಂತ್ರ ಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವುದು ಎಣಿಕೆ, ಖರ್ಚು ಮತ್ತು ಅಚ್ಚುಕಟ್ಟು ಎಂಬುದಕ್ಕೆ ಇದೇ ಸಾಕ್ಷಿ.

೧. ಮೊದಲು ಸೀಸೆ, ಆಮೇಲೆ ಯಂತ್ರ

ಯಂತ್ರದ ಚಿತ್ರಪಟವನ್ನು ಬಿಡಿಸುವ ಮೊದಲು ನಮ್ಮ ಸೀಸೆಯನ್ನೋ ಡಬ್ಬಿಯನ್ನೋ ಮೇಜಿನ ಮೇಲಿಟ್ಟು ನೋಡಬೇಕು. ಅದು ದುಂಡಗಿದೆಯೆ, ಚಪ್ಪಟೆಯೆ? ಗಾಜೋ ಪ್ಲಾಸ್ಟಿಕ್ಕೋ? ಒತ್ತಿದರೆ ತಗ್ಗುತ್ತದೆಯೆ? ಲೇಬಲು ಒಂದು ಕಡೆಗೋ, ಎದುರುಬದುರು ಎರಡು ಕಡೆಗೋ, ಸುತ್ತಲೂ ಬರಬೇಕೋ?

ಲೇಬಲು ಹಚ್ಚುವ ಯಂತ್ರಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು. ಮೊದಲನೆಯದು ಬಿಡಿ ಕಾಗದಕ್ಕೆ ಹಸಿ ಅಂಟು ಸವರಿ ಹಚ್ಚುವುದು. ಗಾಜಿನ ಸೀಸೆಗಳಿಗೆ ಇದು ಹಳೆಯ ಗೆಳೆಯ. ಲೇಬಲು ಅಗ್ಗ, ಆದರೆ ಅಂಟಿನ ಪಾತ್ರೆಯನ್ನೂ ಉರುಳೆಯನ್ನೂ ದಿನವೂ ತೊಳೆಯಬೇಕು. ಎರಡನೆಯದು ಸ್ಟಿಕ್ಕರಿನ ಯಂತ್ರ. ಅಂಟು ಮೊದಲೇ ಹಚ್ಚಿರುವ ಇಂಥ ಲೇಬಲನ್ನು ೧೯೩೫ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಎಂಬವರು ವ್ಯಾಪಾರಕ್ಕೆ ತಂದರು. ನುಣುಪು ಕಾಗದದ ಸುರುಳಿಯ ಮೇಲೆ ಲೇಬಲುಗಳು ಸಾಲಾಗಿರುತ್ತವೆ. ಆ ಕಾಗದವು ಚೂಪಾದ ಅಂಚಿನ ಮೇಲೆ ಹಠಾತ್ತನೆ ಹಿಂದಕ್ಕೆ ಮಡಿಸಿಕೊಂಡಾಗ ಲೇಬಲು ಅದರೊಡನೆ ಬಾಗಲಾರದೆ ಮುಂದಕ್ಕೆ ಚಾಚಿ ಸೀಸೆಗೆ ಅಂಟುತ್ತದೆ. ಎರಡು ಲೇಬಲುಗಳ ನಡುವಿನ ಸಂದನ್ನು ಒಂದು ಸೆನ್ಸರು ಕಂಡು ಸುರುಳಿಯನ್ನು ನಿಲ್ಲಿಸುತ್ತದೆ. ಮೂರನೆಯದು ಪ್ಲಾಸ್ಟಿಕ್ಕಿನ ತೋಳನ್ನು ಸೀಸೆಗೆ ತೊಡಿಸಿ ಬಿಸಿಗಾಳಿಯಲ್ಲಿ ಕುಗ್ಗಿಸುವುದು. ನಾಲ್ಕನೆಯದು ಗೋಡೌನಿನ ರಟ್ಟಿನ ಪೆಟ್ಟಿಗೆಗಳಿಗೆ, ವಿಳಾಸ ಮತ್ತು ಬಾರ್‌ಕೋಡನ್ನು ಆಗಿಂದಾಗ್ಗೆ ಮುದ್ರಿಸಿ ಹಚ್ಚುವುದು.

ಸಣ್ಣ, ನಡುತರದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಬೇಕಾಗುವುದು ಎರಡನೆಯ ಬಗೆ. ಇದರಲ್ಲಿಯೂ ಒಂದು ಎಚ್ಚರಿಕೆ ಉಂಟು: ಪಾರದರ್ಶಕ ಲೇಬಲಾದರೆ ಬೆಳಕಿನಿಂದ ಸಂದನ್ನು ಗುರುತಿಸುವ ಸಾಧಾರಣ ಸೆನ್ಸರು ಮೋಸಹೋಗುತ್ತದೆ. ಅದಕ್ಕೆ ಬೇರೆ ಬಗೆಯ ಸೆನ್ಸರನ್ನು ಮೊದಲೇ ಕೇಳಬೇಕು.

೨. ವೇಗದ ಲೆಕ್ಕ

“ನಿಮಿಷಕ್ಕೆ ೧೨೦ ಸೀಸೆ!” ಎಂಬ ದಪ್ಪ ಅಕ್ಷರಕ್ಕೆ ಮರುಳಾಗಬಾರದು. ನಮಗೆ ಬೇಕಾದುದೆಷ್ಟೆಂದು ನಾವೇ ಲೆಕ್ಕ ಹಾಕೋಣ. ದಿನಕ್ಕೆ ೧೨,೦೦೦ ಸೀಸೆ, ಎಂಟು ಗಂಟೆಯ ಒಂದು ಪಾಳಿ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ ೪೮೦ ನಿಮಿಷ. ಊಟ, ಕಾಫಿಗೆ ೬೦ ನಿಮಿಷ, ಶುಚಿ ಮಾಡಲು ೨೦ ನಿಮಿಷ. ಒಂದು ಸುರುಳಿಯಲ್ಲಿ ೧,೦೦೦ ಲೇಬಲಿದ್ದರೆ ದಿನಕ್ಕೆ ೧೨ ಸುರುಳಿ. ಬದಲಾಯಿಸಲು ತಲಾ ೩ ನಿಮಿಷವಾದರೆ ೩೬ ನಿಮಿಷ. ಉಳಿದದ್ದು ೩೬೪ ನಿಮಿಷ. ಹನ್ನೆರಡು ಸಾವಿರವನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು ೩೩. ಅನಿರೀಕ್ಷಿತ ತಡೆಗಳಿಗಾಗಿ ನೂರಕ್ಕೆ ಮೂವತ್ತರಷ್ಟು ಸೇರಿಸಿದರೆ ೪೩. ನಿಮಿಷಕ್ಕೆ ೪೫ ನಿಜವಾಗಿ ಹಚ್ಚುವ ಯಂತ್ರವೇ ಸಾಕು. ತುಂಬುವ ಯಂತ್ರ ನಿಮಿಷಕ್ಕೆ ೪೦ ಸೀಸೆ ಕೊಡುವಾಗ ಮುಂದೆ ೧೨೦ರ ಯಂತ್ರವನ್ನಿಟ್ಟರೆ ಅದು ಹಸಿದು ಕುಳಿತಿರುತ್ತದೆ.

ಕೆಲವರು ವೇಗವನ್ನು ಮೀಟರಿನಲ್ಲಿ ಹೇಳುತ್ತಾರೆ. ನಿಮಿಷಕ್ಕೆ ೨೦ ಮೀಟರು ಎಂದರೆ, ಸಂದು ಸೇರಿ ೧೦೩ ಮಿಲಿಮೀಟರು ಉದ್ದದ ಲೇಬಲು ಕಾಗದದ ಮೇಲಿನ ಲೆಕ್ಕದಲ್ಲಿ ೧೯೪ ಆಗುತ್ತದೆ. ಆದರೆ ದುಂಡು ಸೀಸೆ ತಿರುಗಲು, ಮುಂದಿನದು ಬಂದು ನಿಲ್ಲಲು ಹೊತ್ತು ಬೇಕು. ಆದ್ದರಿಂದ “ನಮ್ಮ ಸೀಸೆ, ನಮ್ಮ ಲೇಬಲು, ನಿಮಿಷಕ್ಕೆ ಎಷ್ಟು?” ಎಂದೇ ಬರೆದು ಕೇಳಬೇಕು.

೩. ಕಡಲ ಗಾಳಿ

ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಯಂತ್ರ ಕಡಲಂಚಿನ ಈ ಊರಿನಲ್ಲಿ ತಕರಾರು ಮಾಡುವುದುಂಟು. ಇಲ್ಲಿಯ ಗಾಳಿಯಲ್ಲಿ ತೇವ ಹೆಚ್ಚು, ಉಪ್ಪೂ ಉಂಟು. ತಂಪಾದ ಸೀಸೆ ಹೊರಗೆ ಬಂದೊಡನೆ ಬೆವರುತ್ತದೆ. ಬೆವರಿದ ಮೈಗೆ ಅಂಟು ಹಿಡಿಯದೆ ಲೇಬಲು ಸುಕ್ಕಾಗುತ್ತದೆ ಅಥವಾ ಅಂಚು ಏಳುತ್ತದೆ. ಹೀಗಾದಾಗ ಯಂತ್ರವನ್ನು ದೂರಿ ಫಲವಿಲ್ಲ. ಲೇಬಲಿಗೆ ಮುಂಚೆ ಸೀಸೆಯನ್ನು ಒಣಗಿಸುವ ಗಾಳಿಯ ಏರ್ಪಾಡು ಬೇಕು. ಎಣ್ಣೆಯ ಡಬ್ಬಿಯಾದರೆ ಹೊರಮೈಯ ಜಿಡ್ಡನ್ನು ಒರೆಸಬೇಕು. ಸುರುಳಿಗಳನ್ನು ನೆಲದ ಮೇಲಿಡದೆ, ಮುಚ್ಚಿದ ಚೀಲದಲ್ಲಿ ಹಲಗೆಯ ಮೇಲಿಡಬೇಕು. ಯಂತ್ರದ ಚೌಕಟ್ಟು ತುಕ್ಕು ಹಿಡಿಯದ ಉಕ್ಕಿನದಾಗಿರಲಿ.

೪. ತಪ್ಪು ಲೇಬಲಿನ ಬೆಲೆ

ಓರೆಯಾದ ಲೇಬಲು ನೋಡಲು ಚೆನ್ನಾಗಿಲ್ಲ, ಅಷ್ಟೆ. ತಪ್ಪು ಲೇಬಲು ಹಾಗಲ್ಲ. ಕುಡಿಯುವ ಔಷಧದ ಸೀಸೆಗೆ ಮೈಗೆ ಹಚ್ಚುವ ಔಷಧದ ಹೆಸರು ಬಿದ್ದರೆ, ಅದನ್ನು ಕೊಂಡ ಮನೆಯವರ ಗತಿಯೇನು? ಆದುದರಿಂದಲೇ ಔಷಧ ತಯಾರಿಕೆಯ ನಿಯಮಗಳ ಷೆಡ್ಯೂಲ್ ಎಂ ಲೇಬಲುಗಳ ಲೆಕ್ಕವನ್ನು ತಾಳೆ ನೋಡಬೇಕೆಂದು ವಿಧಿಸುತ್ತದೆ. ಉಗ್ರಾಣದಿಂದ ಕೊಟ್ಟದ್ದು, ಹಚ್ಚಿದ್ದು, ಹಾಳಾದದ್ದು, ಹಿಂದಕ್ಕೆ ಬಂದದ್ದು ಈ ನಾಲ್ಕೂ ಕೂಡಿಬರಬೇಕು. ಇದು ಪೂರ್ತಿ ಗುಮಾಸ್ತರ ಕೆಲಸ, ಹಗುರವಾಗಿ ಕಾಣತಕ್ಕದ್ದಲ್ಲ.

ಬೇರೆ ಸಾಮಾನುಗಳಿಗೂ ಕಾನೂನುಂಟು. ೨೦೧೧ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಹೆಸರು ವಿಳಾಸ, ಪದಾರ್ಥದ ಹೆಸರು, ನಿವ್ವಳ ಪ್ರಮಾಣ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕರು ದೂರು ಹೇಳುವ ವಿಳಾಸ ಇರಬೇಕು. ತಿಂಡಿತಿನಿಸಾದರೆ ಹದಿನಾಲ್ಕು ಅಂಕಿಯ ಆಹಾರ ಪರವಾನಗಿ ಸಂಖ್ಯೆಯೂ ಬೇಕು. ಇವುಗಳಲ್ಲಿ ತಾರೀಖು, ಬ್ಯಾಚು, ಬೆಲೆ ಆಗಾಗ ಬದಲಾಗುತ್ತವೆ. ಅವನ್ನು ಯಂತ್ರದಲ್ಲಿಯೇ ಮುದ್ರಿಸುವ ಭಾಗವಿದೆಯೆ? ಮುದ್ರೆ ಬೀಳದಿದ್ದರೆ, ಬೇರೆ ಸುರುಳಿ ಸೇರಿಕೊಂಡರೆ, ಬಾರ್‌ಕೋಡು ಓದಿ ನಿಲ್ಲಿಸುವ ಏರ್ಪಾಡಿದೆಯೆ? ವೇಗಕ್ಕಿಂತ ಮೊದಲು ಇದಕ್ಕೆ ಹಣ ಕೊಡುವುದು ಬುದ್ಧಿವಂತಿಕೆ.

೫. ಪರೀಕ್ಷೆಯಿಲ್ಲದೆ ಕೊಳ್ಳಬಾರದು

ಮಾರುವವರು ತಮ್ಮ ಸೀಸೆಯಲ್ಲಿ ತೋರಿಸುವ ಆಟವನ್ನು ನಂಬಿ ಮುಂಗಡ ಕೊಡಬಾರದು. ನಮ್ಮ ಸೀಸೆ ೧,೦೦೦ ಮತ್ತು ನಮ್ಮ ಸುರುಳಿಯನ್ನು ಒಯ್ದು ನಡೆಸಿ ನೋಡಬೇಕು. ಹತ್ತು ಕೆಟ್ಟರೆ ನೂರಕ್ಕೆ ಒಂದು, ಚಿಕ್ಕದಾಗಿ ಕಾಣುತ್ತದೆ. ದಿನಕ್ಕೆ ೧೨,೦೦೦ ಆದಾಗ ಅದೇ ೧೨೦ ಸೀಸೆ, ಅಷ್ಟನ್ನೂ ಯಾರೋ ಉಗುರಿನಿಂದ ಕೆರೆದು ಮತ್ತೆ ಹಚ್ಚಬೇಕು. ಒಂದು ಅಳತೆಯಿಂದ ಇನ್ನೊಂದು ಅಳತೆಯ ಸೀಸೆಗೆ ಬದಲಾಯಿಸಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ನೋಡಬೇಕು. ಬಿಡಿ ಭಾಗಗಳು ಮದರಾಸಿನಲ್ಲೇ ಸಿಗುತ್ತವೆಯೆ, ದುರಸ್ತಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ಆರ್ಡರಿನಲ್ಲೇ ಬರೆಸಬೇಕು.

೬. ಯಂತ್ರದ ಬಳಿ ನಿಲ್ಲುವವರು

ಕೊನೆಯದಾಗಿ ಹೇಳಿದರೂ ಇದು ಮೊದಲನೆಯ ಮಾತು. ಯಂತ್ರ ಬಂದರೆ ಕೈಯಿಂದ ಹಚ್ಚುತ್ತಿದ್ದವರ ಅನ್ನಕ್ಕೆ ಕಲ್ಲು ಬೀಳುವ ಭಯ ಸಹಜ. ಆದರೆ ಯಂತ್ರ ತಾನಾಗಿ ಸುರುಳಿ ಹಾಕಿಕೊಳ್ಳುವುದಿಲ್ಲ. ಸೀಸೆಯ ಬೆವರನ್ನು ಕಾಣುವುದಿಲ್ಲ. ಹತ್ತು ವರ್ಷ ಲೇಬಲು ಹಚ್ಚಿದ ಕೈಗೆ ಓರೆ, ಗುಳ್ಳೆ, ಸುಕ್ಕು ಯಾವಾಗ ಬರುತ್ತವೆಂದು ಗೊತ್ತು. ಯಂತ್ರ ನಡೆಸುವ ತರಬೇತಿಯನ್ನು ಈಗ ಆ ಕೆಲಸದಲ್ಲಿರುವವರಿಗೇ ಕೊಡತಕ್ಕದ್ದು ಎಂದು ಆರ್ಡರಿನಲ್ಲಿ ಒಂದು ಸಾಲು ಸೇರಿಸಲು ಗುಮಾಸ್ತ ಮಿತ್ರರು ಸೂಚಿಸಬಹುದು. ಇದರಿಂದ ಯಜಮಾನರಿಗೂ ನಷ್ಟವಿಲ್ಲ. ತಿರುಗುವ ಭಾಗಗಳಿಗೆ ಮುಚ್ಚಳವಿರಬೇಕೆಂದು ೧೯೪೮ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಆ ಮುಚ್ಚಳವೂ, ಕೈಗೆಟಕುವಂತೆ ನಿಲ್ಲಿಸುವ ಕೆಂಪು ಗುಂಡಿಯೂ ಇವೆಯೆ ಎಂದು ಪರೀಕ್ಷೆಯ ದಿನವೇ ನೋಡಿಕೊಳ್ಳಬೇಕು. ಯಂತ್ರ ನಡೆಯುತ್ತಿರುವಾಗ ಸಿಕ್ಕಿಕೊಂಡ ಲೇಬಲಿಗೆ ಕೈ ಹಾಕಲೇಬಾರದು.

ಅಭ್ಯಾಸಕ್ಕೆ ಒಂದು ಲೆಕ್ಕ: ದಿನಕ್ಕೆ ೯,೦೦೦ ಡಬ್ಬಿ. ಎಂಟು ಗಂಟೆಯ ಪಾಳಿಯಲ್ಲಿ ವಿರಾಮ ೬೦ ನಿಮಿಷ, ಶುಚಿಗೆ ೨೦ ನಿಮಿಷ. ಸುರುಳಿಗೆ ೧,೫೦೦ ಲೇಬಲು, ಪ್ರತಿ ಬದಲಾವಣೆಗೆ ೫ ನಿಮಿಷ. ನೂರಕ್ಕೆ ಮೂವತ್ತು ಹೆಚ್ಚಿಗೆ ಸೇರಿಸಿದರೆ ಎಷ್ಟು ವೇಗದ ಯಂತ್ರ ಬೇಕು?

ಉತ್ತರ: ನಿಮಿಷಕ್ಕೆ ಸುಮಾರು ೩೨.